ನಗೆಯನ್ನು ಗಂಭೀರವಾಗಿ ತೆಗೆದುಕೊಂಡವರು

ಒಂದು ಚಾಕೊಲೇಟ್ ಕಾರ್ಖಾನೆ. ಗೋಡೆಯ ಕಿಂಡಿಯಿಂದ ಹೊರಬಂದ ಬೆಲ್ಟ್ ಇನ್ನೊಂದು ಕಿಂಡಿಯೊಳಗೆ ಸಾಗುತ್ತಿದೆ. ಅದರ ಮೇಲೆ ಒಂದೊಂದೇ ಚಾಕೊಲೇಟ್ ಬರುತ್ತಿದೆ. ದೊಗಲೆ ಟೋಪಿ, ಏಪ್ರನ್ ತೊಟ್ಟ ಇಬ್ಬರು ಹೆಂಗಸರು ಅದನ್ನು ಎತ್ತಿಕೊಂಡು, ಕಾಗದ ಸುತ್ತಿ, ಮತ್ತೆ ಬೆಲ್ಟ್ ಮೇಲಿಡಬೇಕು. ಸುತ್ತದ ಒಂದೇ ಒಂದು ಚಾಕೊಲೇಟ್ ಆಚೆ ದಾಟಿದರೂ ಕೆಲಸ ಹೋಯಿತೆಂದು ತಿಳಿಯಿರಿ ಎಂದು ಮೇಲ್ವಿಚಾರಕಿ ಗದರಿಸಿ ಹೋಗಿದ್ದಾಳೆ. ಮೊದಮೊದಲು ಎಲ್ಲ ಸಲೀಸು. ಇಷ್ಟೇನಾ ಎನ್ನುವ ಧೈರ್ಯ ಇಬ್ಬರಿಗೂ ಬರುತ್ತದೆ. ಅಷ್ಟರಲ್ಲಿ ಬೆಲ್ಟ್ ಜೋರಾಗುತ್ತದೆ. ಕೈ ಸೋತಾಗ ಚಾಕೊಲೇಟ್ ಬಾಯಿಗೆ ಹೋಗುತ್ತದೆ. ಬಾಯಿ ತುಂಬಿದಾಗ ಟೋಪಿಯೊಳಗೆ, ಅದೂ ತುಂಬಿದಾಗ ರವಿಕೆಯೊಳಗೆ. ವಾಪಸು ಬಂದ ಮೇಲ್ವಿಚಾರಕಿ ಖಾಲಿ ಬೆಲ್ಟ್ ನೋಡಿ ಖುಷಿಯಾಗಿ ಭೇಷ್ ಎನ್ನುತ್ತಾಳೆ. ಕೆನ್ನೆ ಉಬ್ಬಿಸಿಕೊಂಡು ನಿಂತ ಇಬ್ಬರೂ ಉಸಿರು ಬಿಡುವ ಮೊದಲೇ, ಇನ್ನೂ ಜೋರಾಗಿ ಓಡಿಸಿ ಎಂದು ಒಳಗಿನವರಿಗೆ ಕೂಗಿ ಹೇಳುತ್ತಾಳೆ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1952ರ ಸೆಪ್ಟೆಂಬರ್ 15ರಂದು ಪ್ರಸಾರವಾದ ‘ಐ ಲವ್ ಲೂಸಿ’ಯ ಕಂತು ಇದು. ಹೆಸರು ‘ಜಾಬ್ ಸ್ವಿಚಿಂಗ್’. ಲೂಸಿಯಾಗಿ ಲೂಸಿಲ್ ಬಾಲ್, ಗೆಳತಿ ಎಥೆಲ್ ಆಗಿ ವಿವಿಯನ್ ವ್ಯಾನ್ಸ್. ಎಪ್ಪತ್ತು ವರ್ಷ ದಾಟಿದರೂ ಈ ಕೆಲವು ನಿಮಿಷಗಳ ದೃಶ್ಯ ಹಳತಾಗಿಲ್ಲ. ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಯೂ, ಇನ್ನೂ ಶಾಲೆಗೆ ಸೇರದ ಮೊಮ್ಮಗುವೂ ಒಟ್ಟಿಗೆ ಕೂತು ನೋಡಿ ನಗಬಹುದು. ಅದೇ ಕಾಲದಲ್ಲಿ ಬಂದ ನೂರಾರು ಹಾಸ್ಯ ಕಾರ್ಯಕ್ರಮಗಳು ಹೇಳಹೆಸರಿಲ್ಲದೆ ಹೋದವು. ಕೆಲವೇ ಕೆಲವು ಕಂತುಗಳು ಉಳಿದುಕೊಂಡದ್ದು ಹೇಗೆ?

ಉತ್ತರ ಆ ಇಬ್ಬರು ಹೆಂಗಸರ ಮುಖದಲ್ಲೇ ಇದೆ. ಇಡೀ ದೃಶ್ಯದಲ್ಲಿ ಅವರು ಒಮ್ಮೆಯೂ ನಗುವುದಿಲ್ಲ, ನಮ್ಮನ್ನು ನಗಿಸಲು ಹೊರಟಂತೆಯೂ ಕಾಣುವುದಿಲ್ಲ. ಅವರಿಗೆ ಬೇಕಾಗಿರುವುದು ಕೆಲಸ ಉಳಿಸಿಕೊಳ್ಳುವುದು, ಅಷ್ಟೇ. ಪಾತ್ರಕ್ಕೆ ತಾನು ಹಾಸ್ಯದಲ್ಲಿದ್ದೇನೆ ಎಂಬುದು ಗೊತ್ತಿರಬಾರದು. ಗೊತ್ತಾದ ಕ್ಷಣಕ್ಕೆ ನಗೆ ಸಾಯುತ್ತದೆ. ಟೆಲಿವಿಷನ್ನಿನ ಮೊದಲ ಮೂರು ದಶಕಗಳಲ್ಲಿ ಬಂದ ಹಾಸ್ಯದ ಮೇರು ಕಂತುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಈ ಮಾತು ಮತ್ತೆ ಮತ್ತೆ ನಿಜವಾಗುತ್ತದೆ.

ಲೂಸಿಯ ಕಥೆಯನ್ನೇ ಮೊದಲು ನೋಡೋಣ. ಚಾಕೊಲೇಟ್ ಕಂತಿನ ಜಗಳ ಶುರುವಾಗುವುದು ಒಂದು ಚೆಕ್ಕಿನಿಂದ. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಲೂಸಿ ಚೆಕ್ ಬರೆದಿದ್ದಾಳೆ. ಸಾಲದ್ದಕ್ಕೆ, ಮುಂದಿನ ತಿಂಗಳವರೆಗೆ ಇದನ್ನು ತಡೆದಿಟ್ಟುಕೊಳ್ಳಿ ಎಂದು ಬ್ಯಾಂಕಿನವನಿಗೆ ಚೆಕ್ಕಿನ ಹಿಂದೆ ಒಕ್ಕಣೆ ಬೇರೆ. ಗಂಡ ರಿಕಿ ಸಿಡಿಮಿಡಿಗೊಳ್ಳುತ್ತಾನೆ. ದುಡಿಯುವುದು ಕಷ್ಟವೋ ಮನೆ ನೋಡಿಕೊಳ್ಳುವುದು ಕಷ್ಟವೋ ಎಂಬ ವಾದ ಹತ್ತಿಕೊಂಡು, ಕೊನೆಗೆ ಕೆಲಸಗಳನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ಹೆಂಗಸರು ಕಾರ್ಖಾನೆಯಲ್ಲಿ ಪಾಡು ಪಡುತ್ತಿರುವಾಗ ಗಂಡಸರು ಅಡುಗೆಮನೆಯಲ್ಲಿ ಅನ್ನ ಬೇಯಿಸುತ್ತಿದ್ದಾರೆ. ನಾಲ್ಕು ಜನಕ್ಕೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜೇ ಇಲ್ಲದೆ ಸುರಿದ ಅಕ್ಕಿ ಅರಳಿ, ಪಾತ್ರೆಯ ಮುಚ್ಚಳ ಎತ್ತಿ, ಒಲೆಯ ಮೇಲೆಲ್ಲ ಹರಿಯುತ್ತದೆ. ಸಂಜೆ ಸೋತು ಸುಣ್ಣವಾದ ಗಂಡಂದಿರು ರಾಜಿಗಾಗಿ ಹೆಂಡತಿಯರಿಗೆ ತಂದುಕೊಡುವ ಉಡುಗೊರೆ ಏನು? ಒಂದೊಂದು ದೊಡ್ಡ ಡಬ್ಬಿ ಚಾಕೊಲೇಟ್! ಮದುವೆ, ದುಡ್ಡು, ಕೆಲಸ, ಗಂಡುಹೆಣ್ಣಿನ ಪಾಲುಗಾರಿಕೆ, ಇವೆಲ್ಲವೂ ಈ ಅರ್ಧ ಗಂಟೆಯಲ್ಲಿವೆ. ಯಾವುದರ ಬಗ್ಗೆಯೂ ಭಾಷಣವಿಲ್ಲ.

ಈ ಕಂತಿಗೆ ಮಾಡಿಕೊಂಡ ತಯಾರಿಯೂ ಗಮನಿಸುವಂಥದ್ದು. ಅದೇ ಕಾರ್ಖಾನೆಯ ಇನ್ನೊಂದು ದೃಶ್ಯದಲ್ಲಿ ಲೂಸಿಯ ಪಕ್ಕದಲ್ಲಿ ಕೂತು ಚಾಕೊಲೇಟ್ ಅದ್ದುವ ಹೆಂಗಸು ನಟಿಯಲ್ಲ. ಅಮಾಂಡಾ ಮಿಲಿಗನ್ ಎಂಬ ಆಕೆ ನಿಜವಾಗಿ ಕ್ಯಾಲಿಫೋರ್ನಿಯಾದ ಸೀಸ್ ಕ್ಯಾಂಡೀಸ್‌ನಲ್ಲಿ ಅದೇ ಕೆಲಸ ಮಾಡುತ್ತಿದ್ದವರು. ಕರಗಿದ ಚಾಕೊಲೇಟನ್ನು ಬೆರಳಲ್ಲಿ ತಿರುವುವ ಅವರ ಕೈಯಲ್ಲಿ ವರ್ಷಗಳ ಅಭ್ಯಾಸವಿದೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಆ ನಿರ್ಲಿಪ್ತ ಮುಖದ ಪಕ್ಕದಲ್ಲೇ ಲೂಸಿ ತಾನೂ ಬಲ್ಲವಳಂತೆ ಕೈಯಾಡಿಸುತ್ತಾಳೆ. ಒಂದು ನೊಣವನ್ನು ಹೊಡೆಯಲು ಹೋಗಿ ಆಕೆಯ ಕೆನ್ನೆಗೆ ಚಾಕೊಲೇಟ್ ಕೈಯಿಂದ ಬಾರಿಸುತ್ತಾಳೆ. ತಾಲೀಮಿನಲ್ಲಿ ಮೆತ್ತಗೆ ತಿರುಗಿ ಹೊಡೆದಿದ್ದ ಮಿಲಿಗನ್, ಚಿತ್ರೀಕರಣದಲ್ಲಿ ನಿಜವಾಗಿಯೇ ಬಿಗಿದರು ಎಂದು ಲೂಸಿಲ್ ಬಾಲ್ ಮುಂದೆ ನೆನಪಿಸಿಕೊಂಡಿದ್ದರು. ನಟಿ ಆಟ ನಿಲ್ಲಿಸಲಿಲ್ಲ. ಆ ಏಟು ಹಾಗೆಯೇ ಕಂತಿನಲ್ಲಿ ಉಳಿಯಿತು.

ಆ ಏಟು ನಮ್ಮ ಕಾಲದವರೆಗೆ ಬಂದು ತಲುಪಿದ್ದಕ್ಕೆ ಒಂದು ತಾಂತ್ರಿಕ ಹಟವೂ ಕಾರಣ. 1951ರಲ್ಲಿ ಅಮೆರಿಕದ ಹೆಚ್ಚಿನ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಕಳಿಸುತ್ತಿದ್ದುದು ಟಿವಿ ಪರದೆಯ ಮುಂದೆಯೇ ಕ್ಯಾಮೆರಾ ಇಟ್ಟು ತೆಗೆದ ಮಸುಕು ಪ್ರತಿ. ಅದಕ್ಕೆ ಕಿನೆಸ್ಕೋಪ್ ಎಂದು ಹೆಸರು. ಲೂಸಿಲ್ ಬಾಲ್ ಮತ್ತು ಅವರ ಪತಿ, ಕ್ಯೂಬಾ ಮೂಲದ ಸಂಗೀತಗಾರ ಡೆಸಿ ಅರ್ನಾಜ್ ಹಾಲಿವುಡ್ ಬಿಟ್ಟು ಕದಲಲು ಒಪ್ಪಲಿಲ್ಲ. ಪೂರ್ತಿ 35 ಎಂಎಂ ಫಿಲ್ಮಿನಲ್ಲಿ, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ, ಎದುರಿಗೆ ಸುಮಾರು 300 ಜನ ಪ್ರೇಕ್ಷಕರನ್ನು ಕೂರಿಸಿಕೊಂಡು, ನಾಟಕದಂತೆ ಆಡಿ ಚಿತ್ರೀಕರಿಸುತ್ತೇವೆ ಎಂದರು. ಇದು ದುಬಾರಿ ಬಾಬತ್ತು. ಹೆಚ್ಚಿನ ಖರ್ಚಿಗೆ ಬದಲಾಗಿ ತಮ್ಮ ಸಂಬಳ ಕಡಿಮೆ ಮಾಡಿಕೊಂಡರು, ಅದಕ್ಕೆ ಪ್ರತಿಯಾಗಿ ಕಂತುಗಳ ಒಡೆತನ ಕೇಳಿ ಪಡೆದರು. ಮೂರು ಕ್ಯಾಮೆರಾಕ್ಕೂ ಹೊಂದುವ ಬೆಳಕು ಕೊಡುವುದು ದೊಡ್ಡ ಸಮಸ್ಯೆ. ಒಂದು ಕಡೆಗೆ ಸರಿಹೊಂದಿಸಿದ ದೀಪ ಇನ್ನೊಂದು ಕಡೆ ನೆರಳು ಚೆಲ್ಲುತ್ತದೆ. ಆ ಗಂಟು ಬಿಡಿಸಿದವರು ಕಾರ್ಲ್ ಫ್ರಾಯಿಂಡ್. ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ಗೆ ಕ್ಯಾಮೆರಾ ಹಿಡಿದಿದ್ದ, ‘ದಿ ಗುಡ್ ಅರ್ತ್’ಗೆ ಆಸ್ಕರ್ ಗೆದ್ದಿದ್ದ ಛಾಯಾಗ್ರಾಹಕ. ಅಂಥವರು ಮನೆಮಂದಿಯ ಹಾಸ್ಯ ಧಾರಾವಾಹಿಗೆ ಬಂದು, ದೀಪಗಳನ್ನು ಮೇಲಿನಿಂದ ತೂಗುಹಾಕಿ ಎಲ್ಲೆಡೆ ಒಂದೇ ಸಮ ಬೆಳಕು ಹರಡುವ ಕ್ರಮ ರೂಪಿಸಿದರು. ಮುಂದಿನ ಹಲವು ದಶಕಗಳ ಸಿಟ್‌ಕಾಮ್‌ಗಳು ನಡೆದದ್ದು ಇದೇ ದಾರಿಯಲ್ಲಿ.

ಲೂಸಿಯ ಇನ್ನೆರಡು ಕಂತುಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1952ರ ಮೇ 5ರಂದು ಬಂದ ಕಂತಿನಲ್ಲಿ ಲೂಸಿ ಒಂದು ಟಾನಿಕ್ಕಿನ ಜಾಹೀರಾತು ಹೇಳಬೇಕು. ಟಾನಿಕ್ಕಿನ ಹೆಸರು ‘ವೈಟಾಮೀಟಾವೆಜಮಿನ್’. ಅದರಲ್ಲಿ ಶೇ 23ರಷ್ಟು ಆಲ್ಕೋಹಾಲ್ ಇರುವುದು ಅವಳಿಗೆ ಗೊತ್ತಿಲ್ಲ. ಪ್ರತಿ ತಾಲೀಮಿಗೂ ಒಂದೊಂದು ಚಮಚ ಕುಡಿಯಬೇಕು. ಮೊದಲ ಸಲ ಕಹಿಗೆ ಮುಖ ಕಿವುಚುತ್ತದೆ. ಎರಡನೆಯ ಸಲ ಕಿವುಚುವುದು ಸ್ವಲ್ಪ ಕಡಿಮೆ. ಬರಬರುತ್ತ ನಾಲಿಗೆ ಹೊರಳುವುದಿಲ್ಲ, ಟಾನಿಕ್ಕಿನ ಹೆಸರು ತಿರುಚಿಕೊಳ್ಳುತ್ತದೆ, ಚಮಚಕ್ಕೆ ಸುರಿಯಲು ಹೋದ ಔಷಧಿ ಮೇಜಿನ ಮೇಲೆ ಬೀಳುತ್ತದೆ. ಅದೇ ನಾಲ್ಕು ಸಾಲಿನ ಮಾತನ್ನು ಪ್ರತಿ ಸಲವೂ ಒಂದು ಮೆಟ್ಟಿಲು ಇಳಿಸಿ ಹೇಳುವುದರಲ್ಲಿ ಲೂಸಿಲ್ ಬಾಲ್ ತೋರಿಸುವ ಲೆಕ್ಕಾಚಾರ ಸಂಗೀತಗಾರರದ್ದು. ಒಂದು ಮೆಟ್ಟಿಲನ್ನೂ ಹಾರುವುದಿಲ್ಲ. ಕುಡಿದವರ ನಟನೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ತೂರಾಡುತ್ತಾರೆ. ಲೂಸಿ ತೂರಾಡದಿರಲು ಹೆಣಗುತ್ತಾಳೆ. ನಗು ಹುಟ್ಟುವುದು ಆ ಹೆಣಗಾಟದಲ್ಲಿ.

ಇನ್ನೊಂದು, ಮಗು ಹುಟ್ಟಿದ ಕಂತು. ಲೂಸಿಲ್ ಬಾಲ್ ನಿಜವಾಗಿ ಗರ್ಭಿಣಿಯಾದಾಗ ಅದನ್ನೇ ಕಥೆಗೆ ತಂದರು. ಆಗಿನ ಟಿವಿಯಲ್ಲಿ ಗರ್ಭಿಣಿ ಎಂಬ ಪದವನ್ನೇ ಆಡುವಂತಿರಲಿಲ್ಲ. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಧರ್ಮಗುರು, ಒಬ್ಬ ಯೆಹೂದಿ ರಬ್ಬಿ, ಮೂವರಿಗೂ ಸ್ಕ್ರಿಪ್ಟ್ ತೋರಿಸಿ ಒಪ್ಪಿಗೆ ಪಡೆದರು. 1953ರ ಜನವರಿ 19ರಂದು ‘ಲೂಸಿ ಗೋಸ್ ಟು ದ ಹಾಸ್ಪಿಟಲ್’ ಪ್ರಸಾರವಾಯಿತು. ಆಸ್ಪತ್ರೆಗೆ ಹೊರಡುವುದು ಹೇಗೆಂದು ಗಂಡ ಮತ್ತು ನೆರೆಮನೆಯ ದಂಪತಿ ಮೊದಲೇ ಅಚ್ಚುಕಟ್ಟಾಗಿ ತಾಲೀಮು ಮಾಡುತ್ತಾರೆ. ಫೋನ್ ಮಾಡುವವರು ಯಾರು, ಪೆಟ್ಟಿಗೆ ಎತ್ತುವವರು ಯಾರು, ಟ್ಯಾಕ್ಸಿ ಹಿಡಿಯುವವರು ಯಾರು ಎಲ್ಲ ನಿಗದಿ. ತಾಲೀಮು ನಿರಾಳವಾಗಿ ನಡೆಯುತ್ತದೆ. ನಿಜವಾಗಿ ನೋವು ಬಂದಾಗ ಲೂಸಿ ಶಾಂತವಾಗಿ ಬಂದು ಹೇಳುತ್ತಾಳೆ. ಮೂವರೂ ದಿಕ್ಕಾಪಾಲಾಗಿ ಓಡಾಡಿ, ಪೆಟ್ಟಿಗೆಯ ಬಟ್ಟೆಯೆಲ್ಲ ಚೆಲ್ಲಾಡಿ, ಕೊನೆಗೆ ಗರ್ಭಿಣಿಯನ್ನೇ ಮನೆಯಲ್ಲಿ ಬಿಟ್ಟು ಹೊರಟುಬಿಡುತ್ತಾರೆ. ಹೆರಿಗೆಯ ಗಳಿಗೆಯಲ್ಲಿ ಕೈಕಾಲು ಆಡದ ಗಂಡಂದಿರು ಯಾವ ದೇಶದಲ್ಲಿಲ್ಲ? ಅದೇ ದಿನ ಲೂಸಿಲ್ ಬಾಲ್ ಅವರಿಗೆ ಗಂಡು ಮಗುವಾಯಿತು. ಕಥೆಯಲ್ಲೂ ಗಂಡು ಮಗುವೇ. ಅಂದು ಸುಮಾರು 4 ಕೋಟಿ 40 ಲಕ್ಷ ಜನ ಆ ಕಂತು ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೋಡಿದವರು ಸುಮಾರು 2 ಕೋಟಿ 90 ಲಕ್ಷ.

ಇದು ಕಥೆಯಿರುವ ಹಾಸ್ಯದ ಮಾತಾಯಿತು. ಆ ಕಾಲದ ಇನ್ನೊಂದು ಬಗೆ ವೆರೈಟಿ ಶೋ. ಒಂದೇ ಗಂಟೆಯಲ್ಲಿ ಹಾಡು, ಕುಣಿತ, ಮಿಮಿಕ್ರಿ, ದೊಂಬರಾಟ, ಗೊಂಬೆಯಾಟ, ಒಂದೆರಡು ಪ್ರಹಸನ, ಎಲ್ಲವೂ. ಅದರ ದೊಡ್ಡ ಹೆಸರು ಎಡ್ ಸಲಿವನ್. 1948ರಿಂದ 1971ರವರೆಗೆ ಭಾನುವಾರ ರಾತ್ರಿ ಅವರದೇ ರಾಜ್ಯಭಾರ. ಸ್ವತಃ ಹಾಡಲು ಬಾರದ, ಕುಣಿಯಲು ಬಾರದ, ವೇದಿಕೆಯ ಮೇಲೆ ಕೊರಡಿನಂತೆ ನಿಲ್ಲುತ್ತಿದ್ದ ಪತ್ರಿಕಾ ಅಂಕಣಕಾರ ಅವರು. ಆದರೆ ಯಾರನ್ನು ಕರೆಯಬೇಕೆಂಬುದು ಅವರಿಗೆ ಗೊತ್ತಿತ್ತು. 1964ರ ಫೆಬ್ರುವರಿ 9ರಂದು ಬೀಟಲ್ಸ್ ಅವರ ವೇದಿಕೆಗೆ ಬಂದಾಗ 728 ಆಸನಗಳ ಸಭಾಂಗಣಕ್ಕೆ ಸುಮಾರು 50,000 ಜನ ಟಿಕೆಟ್ ಕೇಳಿದ್ದರು. ಟಿವಿಯಲ್ಲಿ ನೋಡಿದವರು 7 ಕೋಟಿ 30 ಲಕ್ಷ. ಆ ರಾತ್ರಿ ಅಲ್ಲಿ ಬೇರೆ ಕಲಾವಿದರೂ ಇದ್ದರು. ಮಿಟ್ಜಿ ಮೆಕಾಲ್ ಮತ್ತು ಚಾರ್ಲಿ ಬ್ರಿಲ್ ಎಂಬ ದಂಪತಿ ಬೀಟಲ್ಸ್‌ನ ಎರಡು ಸರದಿಗಳ ನಡುವೆ ತಮ್ಮ ಹಾಸ್ಯ ಪ್ರಹಸನ ಆಡಿದರು. ಹುಡುಗಿಯರು ಕಿರುಚುತ್ತಿದ್ದ ಆ ಸಭೆಯಲ್ಲಿ ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಹಾಸ್ಯಕ್ಕೆ ಕಲಾವಿದರಷ್ಟೇ ಸಭೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಭೆಯನ್ನು ಅಂಗೈಯಲ್ಲಿಟ್ಟುಕೊಂಡವರೆಂದರೆ ಕ್ಯಾರಲ್ ಬರ್ನೆಟ್. ವೆರೈಟಿ ಶೋ ಗಂಡಸರ ಆಟ, ನೀವು ಸಿಟ್‌ಕಾಮ್ ಮಾಡಿ ಎಂದು ಸಿಬಿಎಸ್ ಅಧಿಕಾರಿಗಳು ಅವರಿಗೆ ಹೇಳಿದ್ದರು. ಆದರೆ ಐದು ವರ್ಷಗಳೊಳಗೆ ಬಯಸಿದರೆ ಒಂದು ಗಂಟೆಯ ವೆರೈಟಿ ಶೋ ಕೊಡಲೇಬೇಕೆಂಬ ಷರತ್ತು ಅವರ ಕರಾರಿನಲ್ಲಿತ್ತು. ಗಡುವು ಮುಗಿಯುವ ಹೊತ್ತಿಗೆ ಅವರು ಅದನ್ನು ನೆನಪಿಸಿದರು. 1967ರಲ್ಲಿ ಶುರುವಾದ ‘ದ ಕ್ಯಾರಲ್ ಬರ್ನೆಟ್ ಶೋ’ 1978ರವರೆಗೆ, ಹನ್ನೊಂದು ಸೀಸನ್ ನಡೆಯಿತು.

ಅದರ ಕಿರೀಟ 1976ರ ನವೆಂಬರ್ 13ರಂದು ಬಂದ ‘ವೆಂಟ್ ವಿತ್ ದ ವಿಂಡ್’. ‘ಗಾನ್ ವಿತ್ ದ ವಿಂಡ್’ ಚಿತ್ರ ಅದೇ ತಿಂಗಳು ಮೊದಲ ಬಾರಿಗೆ ಅಮೆರಿಕದ ಟಿವಿ ಜಾಲವೊಂದರಲ್ಲಿ ಬಂದಿತ್ತು. ದೇಶವೆಲ್ಲ ಅದನ್ನು ಆಗಷ್ಟೇ ನೋಡಿತ್ತು. ಮೂಲ ಚಿತ್ರದಲ್ಲಿ ಯುದ್ಧದಿಂದ ಬಡವಾದ ನಾಯಕಿ ಸ್ಕಾರ್ಲೆಟ್, ಸಿರಿವಂತಳಂತೆ ಕಾಣಿಸಿಕೊಳ್ಳಲು ಕಿಟಕಿಯ ಹಸಿರು ಮಖಮಲ್ ಪರದೆಯನ್ನೇ ಗೌನ್ ಮಾಡಿಸಿ ಉಡುತ್ತಾಳೆ. ಅಣಕದಲ್ಲಿ ಕ್ಯಾರಲ್ ಪರದೆಗಳನ್ನು ಕಿತ್ತುಕೊಂಡು ಮಹಡಿಗೆ ಓಡುತ್ತಾರೆ. ಪರದೆಯನ್ನು ಸುಮ್ಮನೆ ಮೈಮೇಲೆ ಇಳಿಬಿಡುವುದು ಸ್ಕ್ರಿಪ್ಟಿನಲ್ಲಿದ್ದ ಯೋಚನೆ. ವಸ್ತ್ರವಿನ್ಯಾಸಕ ಬಾಬ್ ಮ್ಯಾಕಿ ಅದನ್ನು ಒಂದು ಹೆಜ್ಜೆ ಮುಂದೆ ಒಯ್ದರು. ಪರದೆ ತೂಗುವ ಸಲಾಕೆಯನ್ನೂ ತೆಗೆಯದೆ ಹೆಗಲ ಮೇಲೆ ಅಡ್ಡಕ್ಕೆ ಇಟ್ಟು ಗೌನ್ ಹೊಲಿದರು. ಎರಡೂ ಕಡೆ ಸಲಾಕೆ ಚಾಚಿಕೊಂಡು, ಕುಚ್ಚು ತೂಗಾಡುತ್ತ, ಕ್ಯಾರಲ್ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡಾಗ ಸಭೆ ಎಷ್ಟು ಹೊತ್ತು ನಕ್ಕಿತೆಂದರೆ ಮುಂದಿನ ಮಾತಿಗೆ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಕ್ಯಾರಲ್ ಮುಖ ನೋಡಬೇಕು. ತಾನು ಮಹಾ ಸುಂದರಿ, ಮಹಾ ಸಿರಿವಂತೆ ಎಂಬ ಬಿಂಕ ಕಿಂಚಿತ್ತೂ ಕದಲುವುದಿಲ್ಲ. ಗೌನ್ ಚೆನ್ನಾಗಿದೆ ಎಂದು ಹೊಗಳಿದವನಿಗೆ, ಕಿಟಕಿಯಲ್ಲಿ ನೋಡಿದೆ, ತಡೆಯಲಾಗಲಿಲ್ಲ ಎಂದು ಗತ್ತಿನಿಂದ ಹೇಳುತ್ತಾಳೆ. ಅವಳು ಒಂದಿಷ್ಟು ನಾಚಿಕೊಂಡಿದ್ದರೂ ಆ ಗೌನ್ ಬರೀ ವೇಷವಾಗುತ್ತಿತ್ತು. ಇಂದು ಅದು ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯದ ಸ್ವತ್ತು.

ಹಾಗಾದರೆ ಅದೇ ಶೋದಲ್ಲಿ ಕಲಾವಿದರೇ ನಗು ತಡೆಯಲಾರದೆ ಬಿದ್ದುಹೋದ ಪ್ರಸಂಗಗಳು ಅಷ್ಟು ಜನಪ್ರಿಯವಾದದ್ದೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಶುಕ್ರವಾರ ಪ್ರತಿ ಕಂತನ್ನೂ ಎರಡು ಬೇರೆ ಬೇರೆ ಸಭೆಗಳ ಮುಂದೆ ಎರಡು ಸಲ ಚಿತ್ರೀಕರಿಸುತ್ತಿದ್ದರು. ಟಿಮ್ ಕಾನ್ವೇ ಎಂಬ ನಟ ಮೊದಲ ಆಟದಲ್ಲಿ ಬರೆದದ್ದನ್ನು ಬರೆದಂತೆ ಆಡಿಬಿಡುತ್ತಿದ್ದರು. ಬೇಕಾದ ಪ್ರತಿ ಸಿಕ್ಕಿತು ಎಂದು ಖಾತ್ರಿಯಾದ ಮೇಲೆ ಎರಡನೆಯ ಆಟದಲ್ಲಿ ಯಾರಿಗೂ ಹೇಳದೆ ಹೊಸದೇನಾದರೂ ತರುತ್ತಿದ್ದರು. 1969ರ ದಂತವೈದ್ಯನ ಪ್ರಹಸನದಲ್ಲಿ ಆಗತಾನೆ ಕಾಲೇಜು ಮುಗಿಸಿದ ವೈದ್ಯ ರೋಗಿಗೆ ಚುಚ್ಚಬೇಕಾದ ಮರಗಟ್ಟಿಸುವ ಮದ್ದನ್ನು ತನ್ನ ಕೈಗೇ ಚುಚ್ಚಿಕೊಳ್ಳುತ್ತಾನೆ, ಆಮೇಲೆ ಕಾಲಿಗೆ. ಜೋತುಬಿದ್ದ ಕೈ ಎತ್ತಿಕೊಂಡು, ಎಳೆಯಲಾಗದ ಕಾಲು ಎಳೆದುಕೊಂಡು, ಕರ್ತವ್ಯ ಮಾತ್ರ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂತ ರೋಗಿ ಹಾರ್ವೆ ಕಾರ್ಮನ್ ಹಲ್ಲು ಕಚ್ಚಿ, ಮುಖ ಮುಚ್ಚಿ, ನಗು ತಡೆಯಲು ಪಡುವ ಪಾಡು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲಿಯೂ ಸೂತ್ರ ಅದೇ. ನಾವು ನಗುವುದು ಕಾರ್ಮನ್ ನಕ್ಕರೆಂದಲ್ಲ, ನಗಬಾರದೆಂದು ಅವರು ಜೀವ ಹಿಡಿದು ಹೋರಾಡಿದರೆಂದು. ಎದುರಿನ ಕಾನ್ವೇ ಮುಖದಲ್ಲಿ ತುಟಿಯ ಅಂಚೂ ಅಲುಗುವುದಿಲ್ಲ. ಆ ಹೋರಾಟ ನಿಜವಾಗಿತ್ತು. ಇವತ್ತಿನ ಕೆಲವು ಕಾಮಿಡಿ ಶೋಗಳಲ್ಲಿ ಜೋಕು ಮುಗಿಯುವ ಮೊದಲೇ ವೇದಿಕೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿ, ಕುರ್ಚಿಯಿಂದ ಎದ್ದು ಬಿದ್ದು ನಗುತ್ತಾರಲ್ಲ, ಅದಕ್ಕೂ ಇದಕ್ಕೂ ಅಜಗಜಾಂತರ.

ಈ ಸೂತ್ರವನ್ನು ಬಾಯಿಬಿಟ್ಟು ಹೇಳಿದವರು ಬ್ರಿಟನ್ನಿನ ಎರಿಕ್ ಮೋರ್‌ಕೋಂಬ್. ಅವರೂ ಎರ್ನಿ ವೈಸ್ ಅವರೂ ಸೇರಿ ಬಿಬಿಸಿಗೆ ಮಾಡುತ್ತಿದ್ದ ಕ್ರಿಸ್‌ಮಸ್ ಕಾರ್ಯಕ್ರಮ ಇಡೀ ದೇಶದ ಹಬ್ಬದೂಟದ ಭಾಗವಾಗಿತ್ತು. 1971ರ ಕ್ರಿಸ್‌ಮಸ್ ದಿನ ಅವರ ಅತಿಥಿ ಆಂದ್ರೆ ಪ್ರೆವಿನ್. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮುಖ್ಯಸ್ಥ, ಜಗದ್ವಿಖ್ಯಾತ ಸಂಗೀತಗಾರ. ತಾಲೀಮಿಗೆ ಸಾಕಷ್ಟು ದಿನ ಬೇಕು ಎಂದು ಕೇಳಿಕೊಂಡಿದ್ದವರು, ತಾಯಿಯ ಅನಾರೋಗ್ಯದಿಂದ ಅಮೆರಿಕಕ್ಕೆ ಹೋಗಬೇಕಾಯಿತು. ವಾಪಸು ಬಂದವರು ವಿಮಾನ ನಿಲ್ದಾಣದಿಂದ ಬರುವ ಕಾರಿನಲ್ಲೇ ಮಾತು ಬಾಯಿಪಾಠ ಮಾಡಿದರು. ನಾವು ಮಾಡುತ್ತಿರುವುದು ತಮಾಷೆ ಎಂದು ನಮ್ಮಲ್ಲಿ ಯಾರೂ ಒಂದು ಕ್ಷಣವೂ ಅಂದುಕೊಳ್ಳಬಾರದು ಎಂದು ಎರಿಕ್ ತಮಗೆ ಹೇಳಿದ್ದನ್ನು ಪ್ರೆವಿನ್ ಮುಂದೆ ನೆನೆಯುತ್ತಿದ್ದರು.

ಪ್ರಹಸನ ಸರಳ. ಎರಿಕ್ ಗ್ರೀಗ್‌ನ ಪಿಯಾನೋ ಕನ್‌ಚೆರ್ಟೋ ನುಡಿಸಲು ಬಂದಿದ್ದಾರೆ, ಪ್ರೆವಿನ್ ಆರ್ಕೆಸ್ಟ್ರಾ ನಡೆಸಬೇಕು. ಅತಿಥಿಯ ಹೆಸರನ್ನೇ ಎರಿಕ್ ತಪ್ಪಾಗಿ ‘ಪ್ರಿವ್ಯೂ’ ಎನ್ನುತ್ತಾರೆ. ಅವರೊಡನೆ ಈ ಕೃತಿ ನುಡಿಸಬೇಕೆಂದು ಗೊತ್ತಾದಾಗ ಪ್ರೆವಿನ್, ನನ್ನ ಬ್ಯಾಟನ್ ತರಬೇಕು, ಅದು ಶಿಕಾಗೋದಲ್ಲಿದೆ ಎಂದು ಮುಖ ಗಂಟಿಕ್ಕಿ ಹೇಳುತ್ತಾರೆ. ಆ ಒಂದು ಮಾತಿನ ತೂಕ ಕೇಳಿದ್ದೇ ತಡ, ಎರಿಕ್ ಮುಖ ಅರಳುವುದನ್ನು ಇವತ್ತಿಗೂ ನೋಡಬಹುದು. ಈ ಮನುಷ್ಯ ಗೆದ್ದ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು. ಮುಂದೆ ಪಿಯಾನೋದಿಂದ ಹೊರಟಿದ್ದು ಅಪಸ್ವರಗಳ ಸಂತೆ. ಸಿಟ್ಟಾದ ಪ್ರೆವಿನ್‌ನ ಕೋಟಿನ ಕಾಲರ್ ಹಿಡಿದು ಎರಿಕ್ ಸಮಜಾಯಿಷಿ ಕೊಡುತ್ತಾರೆ: ಸ್ವರಗಳೆಲ್ಲ ಸರಿಯಾಗಿಯೇ ಇವೆ, ಅನುಕ್ರಮ ಮಾತ್ರ ಬೇರೆ ಇರಬಹುದು. ಅವಮಾನಿತ ಪಂಡಿತನ ಗಾಂಭೀರ್ಯವೂ, ಏನೂ ಬಾರದವನ ಆತ್ಮವಿಶ್ವಾಸವೂ ಸರಿಸಮ ಬಲದಿಂದ ಎದುರುಬದುರು ನಿಂತ ಇಂಥ ದೃಶ್ಯ ಇನ್ನೊಂದಿಲ್ಲ. ಎಷ್ಟೋ ವರ್ಷ ಲಂಡನ್ನಿನ ಟ್ಯಾಕ್ಸಿ ಚಾಲಕರು ಪ್ರೆವಿನ್‌ರನ್ನು ‘ಮಿಸ್ಟರ್ ಪ್ರಿವ್ಯೂ’ ಎಂದೇ ಕರೆದರು.

ನಗುವಿನ ಕಠಿಣ ಪರೀಕ್ಷೆ ಸಾವಿನ ಮನೆಯಲ್ಲಿ. ‘ದ ಮೇರಿ ಟೈಲರ್ ಮೂರ್ ಶೋ’ 1975ರ ಅಕ್ಟೋಬರ್ 25ರಂದು ಆ ಪರೀಕ್ಷೆಗೆ ಕೂತಿತು. ಕಂತಿನ ಹೆಸರು ‘ಚಕಲ್ಸ್ ಬೈಟ್ಸ್ ದ ಡಸ್ಟ್’. ಬರೆದವರು ಡೇವಿಡ್ ಲಾಯ್ಡ್. ಸಾವಿನ ವಿಷಯ ಎಂದು ಶೋದ ಕಾಯಂ ನಿರ್ದೇಶಕ ಜೇ ಸ್ಯಾಂಡ್ರಿಚ್ ಹಿಂಜರಿದರು, ಜೋನ್ ಡಾರ್ಲಿಂಗ್ ಎಂಬವರು ನಿರ್ದೇಶಿಸಿದರು.

ಮಿನಿಯಾಪೊಲಿಸ್‌ನ ಒಂದು ಟಿವಿ ಸುದ್ದಿಮನೆ. ಅಲ್ಲಿನ ಮಕ್ಕಳ ಕಾರ್ಯಕ್ರಮದ ವಿದೂಷಕ ಚಕಲ್ಸ್, ಸರ್ಕಸ್ ಮೆರವಣಿಗೆಯಲ್ಲಿ ಕಡಲೆಕಾಯಿ ವೇಷ ಹಾಕಿಕೊಂಡು ಹೋದಾಗ ಆನೆಯೊಂದು ಅವನನ್ನು ಸಿಪ್ಪೆ ಸುಲಿಯಲು ಹೋಗಿ ಕೊಂದುಬಿಡುತ್ತದೆ. ಸುದ್ದಿ ಕೇಳಿದ ಕಚೇರಿಯವರಿಗೆ ಮೊದಲು ಆಘಾತ. ಆಮೇಲೆ ಒಬ್ಬರ ಬಾಯಿಂದ ಒಂದು ಜೋಕು ಜಾರುತ್ತದೆ, ಅದರ ಹಿಂದೆ ಇನ್ನೊಂದು. ಮೇರಿ ಒಬ್ಬಳಿಗೆ ಸಹಿಸಲಾಗುವುದಿಲ್ಲ. ಸತ್ತವನ ಬಗ್ಗೆ ಹೀಗೆ ನಗಬಹುದೇ ಎಂದು ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅಂತ್ಯಸಂಸ್ಕಾರದ ದಿನ ಎಲ್ಲರೂ ಗಂಭೀರವಾಗಿ ಕೂತಿದ್ದಾರೆ. ಪಾದ್ರಿ ಚಕಲ್ಸ್ ಆಡುತ್ತಿದ್ದ ವೇಷಗಳನ್ನು ಗೌರವದಿಂದ ನೆನೆಯುತ್ತಾರೆ. ದೊಡ್ಡ ಸೌತೆಕಾಯಿಯಿಂದ ಪೆಟ್ಟು ತಿಂದು ಬೀಳುತ್ತಿದ್ದ ಪಾತ್ರ, ಎದ್ದು ಧೂಳು ಕೊಡವಿಕೊಳ್ಳುತ್ತಿದ್ದ ಬಗೆ, ಬದುಕೂ ಹಾಗೆಯೇ ಅಲ್ಲವೇ ಎನ್ನುವ ಪಾಠ. ಆಗ ಮೇರಿಗೆ ನಗು ಉಕ್ಕುತ್ತದೆ. ಕೆಮ್ಮಿದಂತೆ ಮಾಡುತ್ತಾಳೆ, ತುಟಿ ಕಚ್ಚುತ್ತಾಳೆ, ಮೂಗು ಹಿಡಿಯುತ್ತಾಳೆ. ನಗು ಮತ್ತೆ ಮತ್ತೆ ಒಡೆದು ಬರುತ್ತದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಪಾದ್ರಿ ಅವಳನ್ನು ಎದ್ದು ನಿಲ್ಲಿಸುತ್ತಾರೆ. ಗದರುವುದಿಲ್ಲ. ಚಕಲ್ಸ್‌ಗೆ ಕಣ್ಣೀರು ಕಂಡರೆ ಆಗುತ್ತಿರಲಿಲ್ಲ, ಜನರನ್ನು ನಗಿಸುವುದಕ್ಕೇ ಅವನು ಬದುಕಿದ್ದು, ಅವನಿಗಾಗಿ ನಗು ಮಗಳೇ ಎನ್ನುವ ಅರ್ಥದಲ್ಲಿ ಮಾತಾಡುತ್ತಾರೆ. ಅನುಮತಿ ಸಿಕ್ಕ ಕ್ಷಣದಲ್ಲಿ ಮೇರಿ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ನಗುವೂ ಅಳುವೂ ಒಂದೇ ಬಾಗಿಲಿನಿಂದ ಬರುತ್ತವೆ ಎಂದು ಪುಸ್ತಕಗಳು ಹೇಳುವುದನ್ನು ಆ ದೃಶ್ಯ ಎದುರಿಗೆ ನಿಲ್ಲಿಸಿ ತೋರಿಸುತ್ತದೆ. ಸಾವಿನ ಮನೆಯಲ್ಲಿ ತಡೆಯಲಾಗದ ನಗು ಬಂದು ನಾಚಿಕೆಪಟ್ಟವರೆಲ್ಲರಿಗೂ ಅದು ಕೊಡುವ ಸಮಾಧಾನ ದೊಡ್ಡದು. ಆ ಕಂತಿನ ಬರವಣಿಗೆಗೆ ಡೇವಿಡ್ ಲಾಯ್ಡ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. 1997ರಲ್ಲಿ ‘ಟಿವಿ ಗೈಡ್’ ಪತ್ರಿಕೆ ಸಾರ್ವಕಾಲಿಕ ನೂರು ಶ್ರೇಷ್ಠ ಕಂತುಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಇದಕ್ಕೇ ಕೊಟ್ಟಿತು.

1975ರ ಮಾರ್ಚ್ 18ರಂದು ‘ಮ್ಯಾಶ್’ ಇದಕ್ಕೆ ತಿರುವುಮುರುವಾದದ್ದನ್ನು ಮಾಡಿತ್ತು. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ ಅದು. ಎಲ್ಲರ ಪ್ರೀತಿಯ ಕರ್ನಲ್ ಹೆನ್ರಿ ಬ್ಲೇಕ್ ಬಿಡುಗಡೆ ಸಿಕ್ಕಿ ಮನೆಗೆ ಹೊರಡುತ್ತಾನೆ. ಇಡೀ ಕಂತು ನಗುತ್ತ ಬೀಳ್ಕೊಡುವುದರಲ್ಲೇ ಸಾಗುತ್ತದೆ. ಕೊನೆಯ ನಿಮಿಷದಲ್ಲಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವ ಕೋಣೆಗೆ ಗುಮಾಸ್ತ ರೇಡಾರ್ ಬಂದು, ಹೆನ್ರಿಯ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಬದುಕುಳಿದಿಲ್ಲ ಎಂದು ಓದುತ್ತಾನೆ. ಚಿತ್ರಕಥೆಯ ಕೊನೆಯ ಹಾಳೆಯನ್ನು ಚಿತ್ರೀಕರಣದ ಹೊತ್ತಿನವರೆಗೂ ನಟರಲ್ಲಿ ಹೆಚ್ಚಿನವರಿಗೆ ಕೊಟ್ಟಿರಲಿಲ್ಲ. ಸಿಟ್ಟಿನ ಕಾಗದಗಳು ಮೂಟೆಗಟ್ಟಲೆ ಬಂದವು. ಯುದ್ಧದಲ್ಲಿ ಎಲ್ಲರೂ ಮನೆ ಸೇರುವುದಿಲ್ಲ ಎಂಬುದು ತಯಾರಕರ ಉತ್ತರ. ಈ ಧಾರಾವಾಹಿಗೆ ವಾಹಿನಿಯ ಒತ್ತಾಯದಿಂದ ನಗುವಿನ ಧ್ವನಿಮುದ್ರಣ ಸೇರಿಸುತ್ತಿದ್ದರು. ಆದರೆ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗೆ ಅದು ಬೇಡವೇ ಬೇಡ ಎಂದು ಹಟ ಹಿಡಿದು ಗೆದ್ದಿದ್ದರು. ಎಲ್ಲಿ ನಗಬಾರದೆಂದು ಗೊತ್ತಿದ್ದವರು ಅವರು. 1983ರ ಫೆಬ್ರುವರಿ 28ರಂದು ‘ಮ್ಯಾಶ್’ ಮುಗಿದಾಗ ಅದರ ಕೊನೆಯ ಕಂತನ್ನು ಅಮೆರಿಕದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು.

ಇಷ್ಟೆಲ್ಲ ಇವತ್ತು ನೋಡಲು ಸಿಗುತ್ತಿರುವುದು ಯಾರೋ ಉಳಿಸಿದ್ದರಿಂದ. ಉಳಿಸದೆ ಹೋದದ್ದೂ ರಾಶಿಯಿದೆ. ವಿಡಿಯೊ ಟೇಪ್ ದುಬಾರಿಯಾಗಿದ್ದ ಕಾಲದಲ್ಲಿ ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ರೂಢಿ. ಬಿಬಿಸಿಯ ಅಚ್ಚುಮೆಚ್ಚಿನ ‘ಡ್ಯಾಡ್ಸ್ ಆರ್ಮಿ’ಯ ಮೂರು ಕಂತುಗಳು ಹೀಗೆ ಕಾಣೆಯಾಗಿವೆ. ನ್ಯೂಯಾರ್ಕಿನಲ್ಲಿ ಜಾನಿ ಕಾರ್ಸನ್ ನಡೆಸಿದ ‘ಟುನೈಟ್ ಶೋ’ದ ಮೊದಲ ದಶಕದ ಬಹುಪಾಲು ಅಳಿದುಹೋಗಿದೆ. ಟಿವಿ ಕ್ಯಾಮೆರಾವನ್ನೇ ಹಾಸ್ಯದ ಸಾಧನ ಮಾಡಿಕೊಂಡ ಎರ್ನಿ ಕೊವ್ಯಾಕ್ಸ್ 1962ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ, ಅವರ ಟೇಪುಗಳೂ ಅಳಿಯುತ್ತಿರುವುದನ್ನು ಕಂಡ ಪತ್ನಿ, ಗಾಯಕಿ ಎಡಿ ಆಡಮ್ಸ್, ಕೈಯಿಂದ ದುಡ್ಡು ಕೊಟ್ಟು ಉಳಿದವನ್ನು ಕೊಂಡುಕೊಂಡರು. ಹಾಸ್ಯ ಎಂದರೆ ಅವತ್ತಿಗೆ ನಕ್ಕು ಬಿಟ್ಟುಬಿಡುವ ವಸ್ತು ಎಂಬ ಅಸಡ್ಡೆಗೆ ತೆತ್ತ ಬೆಲೆ ಇದು.

ಪಾತ್ರಕ್ಕೆ ತಾನು ಹಾಸ್ಯದಲ್ಲಿದ್ದೇನೆ ಎಂಬುದು ಗೊತ್ತಿರಬಾರದು ಎಂಬ ಮಾತು ಕನ್ನಡದ ಕಿರುತೆರೆಗೂ ಸಲ್ಲುತ್ತದೆ. ‘ಸಿಲ್ಲಿ ಲಲ್ಲಿ’ಯ ಲಲಿತಾಂಬ ತನ್ನ ಸಮಾಜ ಸೇವೆಯನ್ನು ಎಳ್ಳಷ್ಟೂ ತಮಾಷೆ ಎಂದುಕೊಳ್ಳದೆ ಮಾಡುತ್ತಿದ್ದಳು, ‘ಪಾಪ ಪಾಂಡು’ವಿನ ಪಾಂಡುವಿಗೆ ಹೆಂಡತಿಯ ಭಯ ನಿಜವಾಗಿಯೇ ಇತ್ತು. ಅವು ನೆನಪಿನಲ್ಲಿ ಉಳಿದದ್ದು ಅದಕ್ಕೇ. ಹಾಸ್ಯ ಬರೆಯಹೊರಟ ಕಿರಿಯರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಪಾತ್ರಕ್ಕೆ ಏನು ಬೇಕು, ಅದು ಸಿಗದಿದ್ದರೆ ಅದಕ್ಕೆ ನಿಜವಾಗಿ ನೋವಾಗುತ್ತದೆಯೇ? ಪಂಚ್ ಲೈನ್ ಆಮೇಲೆ ತಾನಾಗಿ ಬರುತ್ತದೆ. ವಾಹಿನಿಗಳವರು ಹಳೆಯ ಹಾಸ್ಯ ಧಾರಾವಾಹಿಗಳ ಟೇಪುಗಳನ್ನು ಜತನವಾಗಿ ಕಾಯಲಿ, ಕ್ರಮವಾಗಿ ಡಿಜಿಟಲ್ ಮಾಡಿ ಜನರಿಗೆ ಸಿಗುವಂತಿಡಲಿ. ಓದುಗರು ಈ ವಾರ ಬಿಡುವು ಮಾಡಿಕೊಂಡು ಮೇಲೆ ಹೇಳಿದ ಕಂತುಗಳಲ್ಲಿ ಒಂದನ್ನಾದರೂ ಮನೆಮಂದಿಯೊಂದಿಗೆ ಕೂತು ಪೂರ್ತಿ ನೋಡಿ. ತುಣುಕುಗಳಲ್ಲಿ ನೋಡಿದರೆ ಜೋಕು ಮಾತ್ರ ಸಿಗುತ್ತದೆ. ಪೂರ್ತಿ ನೋಡಿದರೆ ಆ ಜೋಕಿಗಾಗಿ ಅವರು ಪಟ್ಟ ಶ್ರಮವೂ ಕಾಣುತ್ತದೆ.